ಬೂದಿಕೋಟೆ ರಸ್ತೆಯ ಬಯಲಿಗೆ ಇಳಿದ ವಿಮಾನ

ಅರವತ್ತರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನಲ್ಲಿ ವಿಮಾನ ತಪಾಸಣೆಯ ಎಂಜಿನಿಯರ್ ಆಗಿದ್ದೆ. ಸಣ್ಣ ವಿಮಾನಗಳು ಹಾರಲು ಯೋಗ್ಯವೇ ಎಂದು ನೋಡುವುದು, ಬಿದ್ದರೆ ಏಕೆ ಬಿದ್ದಿತೆಂದು ಹುಡುಕುವುದು ನನ್ನ ಕೆಲಸ. ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿ ಒಬ್ಬರು ಹಿತ್ತಲಲ್ಲೇ ವಿಮಾನ ಕಟ್ಟಿದ್ದಾರೆಂದು ಕೇಳಿದಾಗ ನಾನು ನಂಬಲಿಲ್ಲ.

ಕಟ್ಟಿದವರು ರಾಮಸ್ವಾಮಿ, ಅಲ್ಲಿನ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಎರಡನೇ ಮಹಾಯುದ್ಧದ ಕಾಲದಲ್ಲಿ ವಾಯುಪಡೆಯಲ್ಲಿದ್ದು ಹಾರಾಟ ಕಲಿತವರು. ಮರದ ಚೌಕಟ್ಟು, ಹಳೆಯ ಎಂಜಿನ್, ಒಂದೇ ಸೀಟು. ರೆಕ್ಕೆಗೆ ಹೊದಿಸಿದ ಬಟ್ಟೆ ಹೊಲಿದವರು ಅವರ ಹೆಂಡತಿ ಜಯಮ್ಮ. ಬೂದಿಕೋಟೆ ರಸ್ತೆಯ ಪಕ್ಕದ ಬಯಲಿಗೆ ಅದನ್ನು ಲಾರಿಯಲ್ಲಿ ತಂದು ಜೋಡಿಸಿದರು. ಹಿಂದಿನ ಸಂಜೆ ನಾನು ಎಲ್ಲವನ್ನೂ ಪರೀಕ್ಷಿಸಿ ಮೊದಲ ಹಾರಾಟಕ್ಕೆ ಒಪ್ಪಿಗೆ ಕೊಟ್ಟೆ.

ಬೆಳಿಗ್ಗೆ ಬಂಗಾರಪೇಟೆಯಿಂದಲೂ ಜನ ಬಂದಿದ್ದರು. ರಾಮಸ್ವಾಮಿಯವರೇ ಹತ್ತಿ ಕೂತರು. ವಿಮಾನ ಸಲೀಸಾಗಿ ಏರಿತು. ಜನ ಕೇಕೆ ಹಾಕಿದರು. ಒಂದು ಸುತ್ತು ಹೊಡೆದು ಇಳಿಯಬೇಕಿತ್ತು, ಇಳಿಯಲಿಲ್ಲ. ಮತ್ತೊಂದು ಸುತ್ತು ಹೊಡೆಯಿತು.

"ಯಾಕ್ ಸಾರ್ ಇಳೀತಿಲ್ಲ?" ಎಂದರು ಜಯಮ್ಮ.

ವಿಮಾನ ತಲೆಯ ಮೇಲೆ ಹಾದುಹೋದಾಗ ಕತ್ತೆತ್ತಿ ನೋಡಿದೆ. ಬಾಲದಲ್ಲಿರುವ ಎಲಿವೇಟರ್, ಅಂದರೆ ಮೂತಿಯನ್ನು ಏರಿಸಿ ಇಳಿಸುವ ಪಟ್ಟಿ, ಅಲುಗುತ್ತಲೇ ಇರಲಿಲ್ಲ. ಇನ್ನು ಎಂಜಿನ್ನಿನ ವೇಗ ಹೆಚ್ಚುಕಡಿಮೆ ಮಾಡಿಯೇ ರಾಮಸ್ವಾಮಿ ಇಳಿಯಬೇಕಿತ್ತು. ಅದಕ್ಕೆ ಬಹಳ ಉದ್ದದ ಜಾಗ ಬೇಕು. ಆದರೆ ಬಯಲಿನ ಆ ತುದಿಯಲ್ಲಿ ಜನ, ನಡುವೆ ಕುರಿಮಂದೆ.

ದೂರ ಸರಿಯಿರೆಂಬ ನನ್ನ ಇಂಗ್ಲಿಷ್ ಬೆರೆತ ಕೂಗು ಯಾರಿಗೂ ತಟ್ಟಲಿಲ್ಲ. ಜಯಮ್ಮ ಆಗಲೇ ಓಡುತ್ತಿದ್ದರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯುತ್ತ ಜನರನ್ನು ರಸ್ತೆಯತ್ತ ತಳ್ಳಿದರು. ಅವರನ್ನು ಕಂಡು ಕುರುಬರ ಮುನಿಯಪ್ಪ ಕೋಲು ಬೀಸಿ ಮಂದೆಯನ್ನು ಪಕ್ಕಕ್ಕೆ ಅಟ್ಟಿದ.

"ಓಗ್ರಲಾ ಅತ್ಲಾಗೆ! ಅದು ಇತ್ಲಾಗೇ ಬತ್ತೈತೆ ಕಣ್ರಲಾ!" ಎಂದು ಅವನೂ ಕೂಗಿದ.

ವಿಮಾನ ಒಮ್ಮೆ ನೆಲಕ್ಕೆ ಬಡಿದು ಪುಟಿಯಿತು. ಮತ್ತೆ ಬಡಿದಾಗ ಚಕ್ರಗಳು ಮುರಿದು, ಮೂತಿ ಮಣ್ಣು ಉತ್ತುಕೊಂಡು ಹೋಗಿ ನಿಂತಿತು. ಕ್ಷಣಕಾಲ ಧೂಳಲ್ಲದೆ ಏನೂ ಕಾಣಲಿಲ್ಲ. ಒಳಗಿನಿಂದ ರಾಮಸ್ವಾಮಿ ನರಳುವುದು ಕೇಳಿಸಿ ಅತ್ತ ಓಡಿದೆ. ಕಾಲು ಮುರಿದಿತ್ತು, ಜೀವ ಉಳಿದಿತ್ತು.

ಅವಶೇಷದಲ್ಲಿ ಕಾರಣ ಸಿಕ್ಕಿತು. ಎಲಿವೇಟರಿನ ಕೇಬಲ್ ರಾಟೆಯಿಂದ ಜಾರಿ ಪಕ್ಕದ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಹಾಗೆ ಜಾರದಂತೆ ತಡೆಯುವ ಪಿನ್ ಅಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ರಾಮಸ್ವಾಮಿ ಮುಖ ತಿರುಗಿಸಿಕೊಂಡೇ ಹೇಳಿದರು: "ನೀವು ನೋಡಿ ಓದ್ಮೇಲೆ ಕೇಬಲ್ ಬಿಗಿ ಮಾಡೋಕೆ ಪಿನ್ ತೆಗೆದೆ ಸಾರ್. ತಿರುಗಾ ಆಕೋದು ಮರ್ತೋಯ್ತು. ಗಾಳಿ ಒಡೀತು ಅಂತ ಬರ್ಕೊಂಬಿಡಿ. ಇಲ್ದಿದ್ರೆ ಇನ್ನು ಆರೋಕೇ ಬಿಡಲ್ಲ."

ಗಾಳಿ ಎಂದು ಬರೆದರೆ ನನಗೂ ಅನುಕೂಲವಿತ್ತು. ಒಪ್ಪಿಗೆ ಕೊಟ್ಟವನನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ವಾರ್ಡಿನ ಬಾಗಿಲವರೆಗೆ ಹೋಗಿ ಹಿಂದಿರುಗಿದೆ.

ಜಯಮ್ಮ ಎದ್ದು ನಿಂತರು. "ಗಾಳಿ ಅಂತ ಬರೀಬ್ಯಾಡಿ ಸಾರ್. ಗಾಳಿ ಅಂದ್ರೆ ಇವ್ರು ಇಂಗೇ ತಿರುಗಾ ಆರ್ತಾರೆ. ಕೇಬಲ್ ಅಂದ್ರೆ ಸರಿ ಮಾಡ್ಕೊಂಡು ಆರ್ತಾರೆ."

ಕೇಬಲ್ ಎಂದೇ ವರದಿ ಬರೆದೆ. ವಿಮಾನದ ಹಾರಾಟದ ಅನುಮತಿ ರದ್ದಾಯಿತು. ಒಪ್ಪಿಗೆ ಕೊಟ್ಟ ನನ್ನ ಮೇಲೂ ವಿಚಾರಣೆ ನಡೆಯಿತು. ರಾಮಸ್ವಾಮಿ ಬಹಳ ಕಾಲ ನನ್ನೊಡನೆ ಮಾತು ಬಿಟ್ಟರು. ಕೊನೆಗೆ ವಿಮಾನವನ್ನು ಹೊಸದಾಗಿ ಕಟ್ಟಿ, ತಪಾಸಣೆಗೆ ನಾನೇ ಬರಬೇಕೆಂದು ಹೇಳಿಕಳಿಸಿದರು. ಆ ಸಲ ಅವರು ಒಂದೇ ಸುತ್ತು ಹೊಡೆದು ಮೆತ್ತಗೆ ಇಳಿದರು. ಚಕ್ರ ನೆಲ ಮುಟ್ಟುವವರೆಗೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಮುಂದೆ ಎಷ್ಟೋ ಅಪಘಾತಗಳ ವರದಿ ಬರೆದೆ. ಬಿದ್ದವನನ್ನು ಹಂಗಿಸಲಿಕ್ಕೂ ಅಲ್ಲ, ಅವನ ತಪ್ಪು ಮುಚ್ಚಲಿಕ್ಕೂ ಅಲ್ಲ. ಅವನು ನಾಳೆ ಮತ್ತೆ ಹಾರುವವನು ಎಂದು ತಿಳಿದೇ ಬರೆಯಬೇಕೆಂದು ಕಲಿತದ್ದು ಆ ವಾರ್ಡಿನಲ್ಲಿ.