ರೊಟ್ಟಿ ಹಲಗೆ ಸರಿಯುವ ತನಕ

ಕೊಪ್ಪಳದಲ್ಲಿ ನಮ್ಮ ಸಂಘಟನೆಯ ಕಚೇರಿ ಎಂದರೆ ಒಂದು ಕೋಣೆ, ಎರಡು ಕಂಪ್ಯೂಟರು ಮತ್ತು ಮೊದಲು ಅಳವಂಡಿಯಲ್ಲಿ ಗಣಿತ ಕಲಿಸುತ್ತಿದ್ದ ಒಬ್ಬ ಗೆಳತಿ. ಜಿಲ್ಲೆಯ ಎಲ್ಲ ತಾಲ್ಲೂಕುಗಳ ಹೆಂಗಸರು ಬಾಯಲ್ಲಿ ಹೇಳಿದ ಅಹವಾಲುಗಳನ್ನು ನಾನು ರೆಕಾರ್ಡ್ ಮಾಡಿ ತಂದು ಬೆರಳಚ್ಚಿಸುತ್ತಿದ್ದೆ. ಯಾವ ಊರು, ಏನು ಬೇಡಿಕೆ ಎಂದು ಅವುಗಳನ್ನು ವಿಂಗಡಿಸಿ ಪಟ್ಟಿ ಮಾಡುವುದು ಪಾರ್ಸರ್ ಎಂಬ ತಂತ್ರಾಂಶದ ಕೆಲಸ. ವಾಕ್ಯಗಳನ್ನು ಬಿಡಿಸಿ ಅರ್ಥ ಹುಡುಕುವುದು ಅದರ ಕಸುಬು. ಬರೆಯಲು ಬಾರದವರ ಮಾತು ಅಧಿಕಾರಿಯ ಮೇಜು ತಲುಪದಿರುವುದು ಅನ್ಯಾಯ. ಆ ಅನ್ಯಾಯ ನೀಗಲು ಯಂತ್ರವೊಂದು ನೆರವಾಗಬಲ್ಲದು ಎಂದು ನಾನು ಈಗಲೂ ನಂಬಿದ್ದೇನೆ.

ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಲ್ಲಿ ಐದಾರು ಹೆಂಗಸರು ಸೇರಿ ಮಾರಾಟಕ್ಕೆ ಜೋಳದ ರೊಟ್ಟಿ ಮಾಡುತ್ತಾರೆ. ಹೊಗೆ ಹೋಗಲು ಆ ಕೋಣೆಗೆ ಸರಿಯಾದ ಕಿಟಕಿಯೂ ಇಲ್ಲ, ಅದನ್ನೂ ಬರೆದುಕೊಂಡೆ. ರೊಟ್ಟಿ ಬಡಿಯುವ ಸದ್ದಿನಲ್ಲಿ ಮಾತು ಕೇಳಿಸದೆ, ಸ್ವಲ್ಪ ಕೈ ನಿಲ್ಲಿಸಿ ಹೇಳಿ ಎಂದೆ.

"ಕೈ ನಿಲ್ಸಿದ್ರ ರೊಟ್ಟಿ ಯಾರು ಬಡೀಬೇಕ್ರಿ ಅಕ್ಕಾರ? ನೀವ?" ಎಂದಳು ರೊಟ್ಟಿ ಹಲಗೆಯ ಮುಂದಿದ್ದವಳು.

"ಬ್ಯಾಡವ್ವ, ಅಕ್ಕಾರು ಬಡದ್ರ ಜಿಲ್ಲಾದ ನಕಾಶಿ ಆಗತೈತಿ!" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹಲಗೆಯ ಮುಂದಿದ್ದವಳ ಅಹವಾಲು ಸರಳವಾಗಿತ್ತು. ಅವಳ ಮಗಳು ಕುಷ್ಟಗಿಯ ಕಾಲೇಜಿಗೆ ಹೋಗುತ್ತಾಳೆ. ಮುಂಜಾನೆಯ ಬಸ್ಸು ಅವರ ಕ್ರಾಸಿನಲ್ಲಿ ನಿಲ್ಲದೆ ಹೋಗುತ್ತದೆ. ಈ ತಿಂಗಳೂ ನಿಲ್ಲದಿದ್ದರೆ ಹುಡುಗಿಯನ್ನು ಕಾಲೇಜು ಬಿಡಿಸುತ್ತೇನೆಂದು ಅಪ್ಪ ಹೇಳಿಯಾಗಿದೆ. ಬಸ್ಸು ನಿಲ್ಲದಿರುವುದು ಒಂದು ತಪ್ಪು, ಅದಕ್ಕೆ ಹೆಣ್ಣುಮಗಳ ಓದನ್ನು ಬಲಿ ಕೊಡುವುದು ಅದಕ್ಕಿಂತ ದೊಡ್ಡದು.

ಅಧಿಕಾರಿಗಳ ಅಹವಾಲು ಸಭೆಗೆ ಸೋಮವಾರ ಪಟ್ಟಿ ಕಳುಹಿಸಬೇಕಿತ್ತು. ಶನಿವಾರ ಪಾರ್ಸರ್ ಕೊಟ್ಟ ಪಟ್ಟಿಯಲ್ಲಿ ಆ ತಾಯಿಯ ಅಹವಾಲೇ ಇರಲಿಲ್ಲ. ಹುಡುಕಿದಾಗ ಅದು ತಿರಸ್ಕೃತವಾದವುಗಳ ನಡುವೆ ಚೂರುಚೂರಾಗಿ ಬಿದ್ದಿತ್ತು: ಒಂದು ಚೂರಿನಲ್ಲಿ ಊರಿನ ಹೆಸರು, ಇನ್ನೊಂದರಲ್ಲಿ ಬಸ್ಸು, ಮತ್ತೊಂದರಲ್ಲಿ ಮಗಳು. ಬೇಡಿಕೆಯಿಲ್ಲದ ಊರು ಮತ್ತು ಊರಿಲ್ಲದ ಬೇಡಿಕೆ, ಎರಡನ್ನೂ ಯಂತ್ರ ಕಸವೆಂದು ತಳ್ಳಿತ್ತು.

ದೂರದಲ್ಲೆಲ್ಲೋ ಕುಳಿತು ಇದನ್ನು ರಚಿಸಿದವರ ಮೇಲೆ ನಾನು ಹರಿಹಾಯ್ದೆ. ಮೇಜು ಕುರ್ಚಿಯಲ್ಲಿ ಬರೆಯುವವರನ್ನಷ್ಟೇ ಕಂಡವರು, ದುಡಿಯುತ್ತ ಮಾತಾಡುವವರನ್ನು ಎಣಿಕೆಗೇ ತೆಗೆದುಕೊಳ್ಳದವರು ಎಂದೆಲ್ಲ ಹೇಳಿದೆ. ಗೆಳತಿ ಪೂರ್ತಿ ಕೇಳಿಸಿಕೊಂಡಳು.

"ಅದೂ ಖರೇನ. ಆದ್ರ ಈ ಸಾಲು ಮುರದವರು ಯಾರು?"

ಮುರಿದವಳು ನಾನೇ. ಹೇಳುವವರ ಮೌನಕ್ಕೂ ಗೌರವ ಸಲ್ಲಬೇಕೆಂದು, ಆ ತಾಯಿ ಮಾತು ನಿಲ್ಲಿಸಿದಲ್ಲೆಲ್ಲ ಹೊಸ ಸಾಲು ಆರಂಭಿಸಿ ಬೆರಳಚ್ಚಿಸಿದ್ದೆ. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವುವಷ್ಟು ಹೊತ್ತು ಅವಳು ಸುಮ್ಮನಾಗಿದ್ದಳು, ಅಷ್ಟೆ. ಪಠ್ಯವನ್ನು ಮೊದಲು ತುಂಡರಿಸುವ ಟೋಕನೈಸರ್ ಎಂಬ ಭಾಗ, ಸಾಲು ಮುರಿದಲ್ಲೆಲ್ಲ ಅಹವಾಲು ಮುಗಿಯಿತೆಂದು ಕತ್ತರಿಸಿತ್ತು.

ಸಾಲುಗಳನ್ನು ಕೂಡಿಸಿಬಿಡೋಣವೆಂದೆ. ಒಂದನ್ನು ಕೂಡಿಸಬಹುದು, ಉಳಿದ ನೂರಾರನ್ನು ಯಾರು ನೋಡುತ್ತಾರೆ ಎಂದಳು ಗೆಳತಿ. ಪಾರ್ಸರಿಗೆ ನಮ್ಮದೇ ಸ್ಕ್ರಿಪ್ಟ್, ಅಂದರೆ ಸೂಚನೆಗಳ ಸಣ್ಣ ಪಟ್ಟಿ, ಬರೆದು ಕೊಡುವ ಅವಕಾಶವಿತ್ತಾದರೂ, ಅದು ತುಂಡರಿಸುವ ಕೆಲಸ ಮುಗಿದ ಮೇಲೆ ಮಾತ್ರ. ಆ ಅವಕಾಶ ತುಂಡರಿಸುವ ಮೊದಲೇ ಸಿಗುವಂತೆ ಮಾಡುತ್ತೇನೆ, ಇಡೀ ಪಠ್ಯ ಮೊದಲು ನಮ್ಮ ಸ್ಕ್ರಿಪ್ಟಿಗೇ ಬರಲಿ, ಎಲ್ಲಿ ಕತ್ತರಿಸಬೇಕೆಂದು ನಾವೇ ಹೇಳೋಣ ಎಂದಳು. ಹೇಳಬೇಕಾದರೆ ಅದು ನಮಗೆ ಗೊತ್ತಿರಬೇಕಲ್ಲ! ಮಂಗಳೂರಿಗೆ ಫೋನ್ ಮಾಡಿ, ನಿಮ್ಮ ಮಾತು ಮುಗಿಯಿತೆಂದು ತಿಳಿಯುವುದು ಹೇಗೆ ಎಂದು ಆ ತಾಯಿಯನ್ನೇ ಕೇಳಿದೆ.

"ಮುಗದ್ರ ಹಲಗಿ ಸರಸ್ತೀನಲ್ರಿ! ಹಲಗಿ ನನ್ನ ಮುಂದ ಇರೂಮಟ ಮಾತು ನಂದ. ಅಲ್ಲೇ ಕುಂತಿದ್ರಿ, ನೋಡ್ಲಿಲ್ಲೇನ್ರಿ?"

ನೋಡಿದ್ದೆ, ಗಮನಿಸಿರಲಿಲ್ಲ. ರೊಟ್ಟಿ ಬಡಿಯುವ ಹಲಗೆ ಯಾರ ಮುಂದಿದೆಯೋ ಅವರು ಹೇಳಬೇಕು, ಉಳಿದವರು ಕೇಳಬೇಕು. ಹೇಳಿ ಮುಗಿದಾಗ ಹಲಗೆ ಪಕ್ಕದವಳಿಗೆ. ನಮ್ಮ ಎಷ್ಟೋ ಸಭೆಗಳಲ್ಲಿ ಇಲ್ಲದ ಶಿಸ್ತು ಅದು. ಅದೃಷ್ಟಕ್ಕೆ, ದನಿ ಬದಲಾದಾಗಲೆಲ್ಲ ಬೆರಳಚ್ಚಿನಲ್ಲಿ ಒಂದು ಗುರುತು ಹಾಕಿದ್ದೆ. ಆ ಗುರುತಿನಲ್ಲಿ ಮಾತ್ರ ಕತ್ತರಿಸು, ಸಾಲು ಮುರಿದಲ್ಲಿ ಮುಟ್ಟಬೇಡ ಎಂಬುದು ನಮ್ಮ ಟೋಕನೈಸರಿನ ನಿಯಮವಾಯಿತು.

ಭಾನುವಾರದ ಮೊದಲ ಪ್ರಯತ್ನದಲ್ಲಿ ಮುನಿರಾಬಾದಿನ ಬೀದಿದೀಪ ಗಂಗಾವತಿಯ ಲೆಕ್ಕಕ್ಕೆ ಹೋಯಿತು. ತುಂಡುಗಳನ್ನು ಪಾರ್ಸರಿಗೆ ಹಿಂದಿರುಗಿಸುವಾಗ, ಪ್ರತಿಯೊಂದೂ ಮೂಲದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ಹೇಳುವುದನ್ನು ಗೆಳತಿ ಮರೆತಿದ್ದಳು. "ಗಣಿತದ ಟೀಚರ್‌ಗೆ ಸೊನ್ನಿ," ಎಂದು ತನ್ನನ್ನೇ ಬೈದುಕೊಂಡು ತಿದ್ದಿದಳು. ಸಂಜೆಯ ಹೊತ್ತಿಗೆ ಪಟ್ಟಿಯಲ್ಲಿ ಮಂಗಳೂರು, ಕ್ರಾಸು, ಬಸ್ಸು, ಮಗಳು ಒಂದೇ ಸಾಲಿನಲ್ಲಿದ್ದವು.

ಸಭೆಯಲ್ಲಿ ಆ ಸಾಲನ್ನು ಗಟ್ಟಿಯಾಗಿ ಓದಿದರು. ಮರುವಾರ ತಾಯಿಯ ಫೋನ್ ಬಂತು.

"ಬಸ್ಸು ನಿಂತೈತ್ರಿ ಅಕ್ಕಾರ! ಜರಾ ಮುಂದ ಹೋಗಿ ನಿಂತೈತಿ. ಮಗಳು ಓಡಿ ಹೋಗಿ ಹತ್ಯಾಳ."

ಓಡಿಸುವುದೂ ತಪ್ಪು, ಅದಕ್ಕೂ ಒಂದು ಅರ್ಜಿ ಹಾಕೋಣ ಎಂದು ನಾನು ಶುರುಮಾಡಿದೆ.

"ಇವತ್ತೊಂದಿನ ಸುಮ್ನಿರ್ರಿ," ಎಂದಳು, "ಹತ್ಯಾಳಲ್ಲ!"