ಹೆಚ್ಚುವರಿ ಸರ್ಜನ್ನರು

ಅದಿರಿನ ದಂಧೆ ಜೋರಾಗಿದ್ದ ವರ್ಷಗಳಲ್ಲಿ ನಾನು ಹೊಸಪೇಟೆಯ ಒಂದು ಟ್ರಸ್ಟ್ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದೆ. ಇದ್ದ ಸರ್ಜನ್ ಒಬ್ಬರೇ. ವಯಸ್ಸಾದ ಮನುಷ್ಯ, ಬಾಯಿ ಕೆಟ್ಟದ್ದು, ಕೈ ಬಂಗಾರ. ವಾರಕ್ಕೊಮ್ಮೆ ಸಂಡೂರಿಗೆ, ಇನ್ನೊಂದು ದಿನ ಕಂಪ್ಲಿಗೆ ಹೋಗಿ ಅಲ್ಲಿಯ ನರ್ಸಿಂಗ್ ಹೋಮುಗಳಲ್ಲಿ ಹರ್ನಿಯಾ, ಅಪೆಂಡಿಕ್ಸ್ ಮುಗಿಸಿ ಬರುತ್ತಿದ್ದವರೂ ಅವರೇ. ಅದಿರು ಲಾರಿಗಳು ಮಂದಿಯ ಕೈಕಾಲು ಮುರಿದು ನಮ್ಮ ಬಾಗಿಲಿಗೆ ಕಳಿಸುತ್ತಲೇ ಇದ್ದವು. ಇನ್ನೊಬ್ಬ ಸರ್ಜನ್ ಬೇಕೆಂದು ಕೇಳಿ ಕೇಳಿ ಡಾಕ್ಟರು ಸೋತಿದ್ದರು.

ಟ್ರಸ್ಟಿನ ಅಧ್ಯಕ್ಷ ಗಣಿ ಧಣಿ. ಅವನ ಮನೆಯವರು ಕಾಲು ಉಳುಕಿದರೂ ಬೆಂಗಳೂರಿಗೆ ಹಾರುತ್ತಿದ್ದರು. ಅವನು ಸರ್ಜನ್‌ನ ಬದಲು ಬೆಂಗಳೂರಿನಿಂದ ಒಬ್ಬ ಅಂದಾಜುಗಾರನನ್ನು ಕರೆಸಿದ. ಈ ಭಾಗಕ್ಕೆ ಮುಂದೆ ಎಷ್ಟು ಸರ್ಜನ್ನರು ಬೇಕಾಗುತ್ತಾರೆ, ಎಷ್ಟು ಮಂದಿ ಸಿಗುತ್ತಾರೆ ಎಂದು ಹೇಳುವುದೇ ಆ ಮಹಾಶಯನ ಕಸುಬು.

ಅವನು ನಮ್ಮ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತ.

"ಸಂಡೂರಿನಾಚೆಯ ಚೋರನೂರು ಕಡೆಯವರ ಆಪರೇಷನ್ ತುಂಬಾ ಕಮ್ಮಿ ಸಿಸ್ಟರ್. ಅಲ್ಲಿ ಡಿಮ್ಯಾಂಡ್ ಇಲ್ಲ."

"ಡಿಮ್ಯಾಂಡ್ ಐತ್ರಿ, ಬರಾಕ ದಾರಿ ಇಲ್ಲ. ಲಾರಿ ಸಾಲಿನ ನಡುವ ಸಿಕ್ಕು ಎಷ್ಟೋ ಮಂದಿ ದಾರ್ಯಾಗ ಸತ್ತು ಹೋಗ್ತಾರ," ಎಂದೆ.

"ಇಲ್ಲಿಗೆ ಬಂದರೆ ಮಾತ್ರ ಡಿಮ್ಯಾಂಡ್," ಎಂದು ನಕ್ಕ. ಅವನಿಗೆ ಟೀ ಕೊಡಿಸುವ ಮನಸ್ಸಾಗಲಿಲ್ಲ.

ವರದಿ ಒಪ್ಪಿಸಲು ಹಂಪಿ ಹತ್ತಿರದ ಹೋಟೆಲಿನಲ್ಲಿ ಎಸಿ ಸಭಾಂಗಣ ಬಾಡಿಗೆಗೆ ಹಿಡಿದಿದ್ದರು. ನಮ್ಮನ್ನೂ ಕರೆದಿದ್ದರು. ಪರದೆಯ ಮೇಲೆ ಬಣ್ಣಬಣ್ಣದ ಗೆರೆ. ಹೊಸಪೇಟೆಗೊಬ್ಬ, ಸಂಡೂರಿಗೊಬ್ಬ, ಕಂಪ್ಲಿಗೊಬ್ಬ ಸರ್ಜನ್ ಇದ್ದಾರೆ, ಇರುವ ಕೆಲಸಕ್ಕೆ ಇಷ್ಟು ಮಂದಿ ಹೆಚ್ಚೇ ಆಯಿತು ಎಂದ ಅಂದಾಜುಗಾರ.

ಡಾಕ್ಟರು ಎದ್ದು ನಿಂತರು. "ಸಂಡೂರಿನಂವ ಯಾರ್ರಿ?"

ಅವನು ಕಾಗದ ನೋಡಿ ಡಾಕ್ಟರ ಹೆಸರನ್ನೇ ಓದಿದ.

"ಕಂಪ್ಲಿಯಂವ?"

ಮತ್ತೆ ಅದೇ ಹೆಸರು. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

"ಆ ಮೂರೂ ಮಂದಿ ನಾನೇ ಅದೀನಿ. ಊಟ ಮಾತ್ರ ಒಬ್ಬಂದು ಮಾಡ್ತೀನಿ."

"ನಾವು ವ್ಯಕ್ತಿಗಳನ್ನು ಎಣಿಸಿಲ್ಲ ಸರ್, ಸ್ಥಾನಗಳನ್ನು ಎಣಿಸಿದ್ದೇವೆ," ಎಂದ ಅವನು, ಕಿಂಚಿತ್ತೂ ನಾಚಿಕೆಯಿಲ್ಲದೆ. ಅಧ್ಯಕ್ಷ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು, ತಟ್ಟಿದರೆ ಊಟಕ್ಕೆ ಏಳಬಹುದಿತ್ತು. ಎರಡನೆಯ ಸರ್ಜನ್‌ನ ಮಾತು ಅಲ್ಲಿಗೇ ಮುಗಿಯಿತು.

ಕೆಲವು ತಿಂಗಳ ಮೇಲೆ, ಕೈ ತೊಳೆಯುತ್ತಿದ್ದ ಡಾಕ್ಟರು ಸಿಂಕಿನ ಬುಡದಲ್ಲೇ ಕುಸಿದರು. ಪಿತ್ತಕೋಶ ಬಾತಿತ್ತು. ಊರಿನಲ್ಲಿ ಕೊಯ್ಯಬಲ್ಲವರು ಅವರೊಬ್ಬರೇ, ತಮ್ಮ ಹೊಟ್ಟೆ ತಾವೇ ಕೊಯ್ದುಕೊಳ್ಳಲಾದೀತೆ? ಬಳ್ಳಾರಿಗೆ ಹೊರಟೆವು. ಲಾರಿಗಳ ಸಾಲಿನ ಹಿಂದೆ ಆಂಬುಲೆನ್ಸ್ ನಿಂತೇಬಿಟ್ಟಿತು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ಹಲ್ಲು ಕಚ್ಚಿ ಹೇಳಿದರು, "ಸಂಡೂರಿನಂವಗ ಫೋನ್ ಹಚ್ಚವಾ. ಇವತ್ತು ಖಾಲಿ ಇರಬೇಕು."

ನನಗೆ ನಗು ಬಂತು, ಜೊತೆಗೇ ಅಳು.

ಅವರು ಬಳ್ಳಾರಿಯಲ್ಲಿ ಮಲಗಿದ್ದಾಗ ಎಮ್ಮಿಗನೂರಿನ ಹೆಣ್ಣುಮಗಳೊಬ್ಬಳ ಕೈ ಕಬ್ಬಿನ ಗಾಣಕ್ಕೆ ಸಿಕ್ಕಿತು. ಗಂಡ ಟ್ರ್ಯಾಕ್ಟರಿನಲ್ಲಿ ಹೊತ್ತು ತಂದ. ನಾನು ರಕ್ತ ನಿಲ್ಲಿಸಿ, ಕಟ್ಟು ಕಟ್ಟಿ, ಬಳ್ಳಾರಿಗೇ ಕಳಿಸಿದೆ. ತಲುಪುವ ಹೊತ್ತಿಗೆ ಕೈ ಉಳಿಯುವ ಸ್ಥಿತಿ ದಾಟಿತ್ತು. ಮುಂದೆ ಡ್ರೆಸ್ಸಿಂಗಿಗೆ ನಮ್ಮಲ್ಲಿಗೆ ಬಂದಾಗ ಕೇಳಿದಳು, "ಅವತ್ತು ಡಾಕ್ಟ್ರು ಇದ್ದಿದ್ರ ಉಳೀತಿತ್ತೇನ್ರಿ ಅಕ್ಕಾ?"

"ಉಳೀತಿತ್ತವ್ವಾ," ಎಂದೆ. ಅವಳಿಗೆ ಸುಳ್ಳು ಹೇಳಲು ನಾನೇನು ಅಂದಾಜುಗಾರ್ತಿಯೆ?

ಕೊನೆಗೆ ಎರಡನೆಯ ಸರ್ಜನ್ ಬಂದದ್ದು ಹೀಗೆ. ಅಧ್ಯಕ್ಷನ ಭಾವಮೈದುನನ ಕಾರು ಅವರದೇ ಗಣಿಯ ಲಾರಿಗೆ ಗುದ್ದಿ, ಅವನ ಹೊಟ್ಟೆಯೊಳಗೆ ರಕ್ತ ಸೋರತೊಡಗಿದಾಗ ಬೆಂಗಳೂರಿಗೆ ಹಾರಲು ಪುರುಸೊತ್ತಿರಲಿಲ್ಲ. ಆಗಷ್ಟೇ ಕೆಲಸಕ್ಕೆ ಮರಳಿದ್ದ ನಮ್ಮ ಡಾಕ್ಟರು, ನಿಲ್ಲಲು ತ್ರಾಣವಿಲ್ಲದಿದ್ದರೂ ಸ್ಟೂಲಿಗೆ ಒರಗಿ ಅವನನ್ನು ಉಳಿಸಿದರು. ವಾರದೊಳಗೆ, ಇನ್ನೊಬ್ಬ ಸರ್ಜನ್ ಬೇಕೆಂದು ಪೇಪರಿನಲ್ಲಿ ಜಾಹೀರಾತು ಬಂತು.

ಹೊಸ ಸರ್ಜನ್ನರ ಸ್ವಾಗತ ಸಮಾರಂಭದಲ್ಲಿ ಅಧ್ಯಕ್ಷ, ಇದೆಲ್ಲ ವೈಜ್ಞಾನಿಕ ಮುನ್ನೋಟದ ಫಲ ಎಂದ. ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದ ಅಂದಾಜುಗಾರ ವಿನಯದಿಂದ ತಲೆ ಬಾಗಿಸಿದ. ಡಾಕ್ಟರು ನನ್ನ ಕಡೆ ತಿರುಗಿ, "ಏಳವಾ, ಥಿಯೇಟರಿನಾಗ ಕೇಸ್ ಐತಿ," ಎಂದರು. ಭಾಷಣದ ನಡುವೆಯೇ ಇಬ್ಬರೂ ಎದ್ದು ಹೋದೆವು.