ಹೆಡ್ ಕ್ಲರ್ಕರ ಹೊಸ ಫೋನು

ನಮ್ಮ ಆಫೀಸಿನ ಹೆಡ್ ಕ್ಲರ್ಕ್ ಹೊಸ ಫೋನು ಕೊಂಡ ದಿನದಿಂದ ಉಳಿದವರ ಫೋನುಗಳಿಗೆ ಮೂರು ಕಾಸಿನ ಮರ್ಯಾದೆ ಇಲ್ಲ. ಹಾಜರಿ ಹಾಕುವ ಮೊದಲೇ ಯಾರದಾದರೂ ಫೋನು ಕಿತ್ತುಕೊಂಡು ಕಿಟಕಿಯ ಬಳಿ ಹೋಗಿ, ಎದುರು ತಾರಸಿಯಲ್ಲಿ ಒಣಗುತ್ತಿರುವ ಬಟ್ಟೆಯನ್ನು ಎರಡು ಫೋನಿನ ಕ್ಯಾಮೆರಾದಲ್ಲೂ ಹಿಗ್ಗಿಸಿ ನೋಡುತ್ತಾರೆ. "ನನ್ನದರಲ್ಲಿ ಗುಂಡಿ ಎಣಿಸಬಹುದು, ನಿಮ್ಮದರಲ್ಲಿ ಅದು ಅಂಗಿಯೋ ಲಂಗವೋ ದೇವರೇ ಬಲ್ಲ!" ಎಂಬ ತೀರ್ಪು ಹೊರಬೀಳುತ್ತದೆ. ಟೈಪಿಸ್ಟಮ್ಮನ ದುಬಾರಿ ಫೋನು "ಬರೀ ಮೇಕಪ್ಪು", ಎರಡು ದಿನ ಚಾರ್ಜು ನಿಲ್ಲುವ ನನ್ನದು "ಕತ್ತೆ ಥರ ದುಡಿಯುತ್ತೆ ಪಾಪ, ಕಣ್ಣೊಂದಿಲ್ಲ." ಅವರದು ಮಧ್ಯಾಹ್ನವಾಗುತ್ತಲೇ ಕರುವಿನಂತೆ ಚಾರ್ಜರಿಗೆ ಕಟ್ಟುಬಿದ್ದಿರುತ್ತದೆ, ಆ ಸಂಗತಿ ತೀರ್ಪಿನಲ್ಲಿ ಬರುವುದಿಲ್ಲ. ಫೈಲು ಇಟ್ಟರೆ ಮೊದಲು ಪ್ರತಿ ಪುಟದ ಫೋಟೊ, ಆಮೇಲೆ ಪರದೆಯನ್ನು ಮೂಗಿಗೆ ತಾಗಿಸಿಕೊಂಡು ಎರಡು ಬೆರಳಿನ ಕಸರತ್ತು, ಆಮೇಲಷ್ಟೇ ಸಹಿ. "ಮದುವೆ ಆಲ್ಬಮ್ಮಾ ಸಾರ್?" ಎಂದು ನಾನು ಕೇಳಿದ್ದಕ್ಕೆ ಇಡೀ ಆಫೀಸು ಬಿದ್ದುಬಿದ್ದು ನಕ್ಕಿತ್ತು, ಅವರೂ ನಕ್ಕಿದ್ದರು. ಮೊನ್ನೆ ಕರೆಂಟು ಹೋಗಿ, ಅವರ ಫೋನೂ ಆಫ್ ಆಗಿದ್ದ ಹೊತ್ತಿನಲ್ಲೇ ನನ್ನ ಟಿಪ್ಪಣಿ ಅವರ ಮೇಜಿಗೆ ಹೋಯಿತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ದೂರ ಮಾಡಿದರು, ಹತ್ತಿರ ತಂದರು. ಕೊನೆಗೆ ಮೆಲ್ಲಗೆ, "ಸ್ವಲ್ಪ ಓದಿ ಹೇಳ್ತೀರಾ? ಕನ್ನಡಕ ಮನೇಲೇ ಬಿಟ್ಟುಬಂದೆ" ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು. ಅವರ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ. ನಾನು ಓದಿ ಹೇಳಿದೆ. ಅವತ್ತಿನಿಂದ ಟಿಪ್ಪಣಿಯ ಒಂದೊಂದು ಅಕ್ಷರವನ್ನೂ ಕುಂಬಳಕಾಯಿ ಗಾತ್ರದಲ್ಲಿ ಬರೆಯುತ್ತಿದ್ದೇನೆ. ಅದನ್ನು ನೋಡಿ ಅವರು ಹೇಳುವುದು: "ನಿಮ್ಮ ಕೈಬರಹ ಏನೋ ಸುಧಾರಿಸಿದೆ ಕಣ್ರೀ. ಇನ್ನು ಆ ದರಿದ್ರ ಫೋನೊಂದನ್ನು ಬದಲಾಯಿಸಿಬಿಡಿ."